ಶಾರ್ಲೆಟ್‌ಗೊಂದು ವೊವಿ

ಏಪ್ರಿಲ್ 15

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಗಂಡ ಎಡ್ಮಂಡ್ ಮುಂಬೈಯಲ್ಲಿ ಸೋದರಮಾವನ ಮನೆಯಲ್ಲಿ ಓದಿದವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನ ತಂಗಿ ಶಾರ್ಲೆಟ್ ಬಗ್ಗೆ ನಾನು ಬರೆಯುವುದನ್ನು ಅವನು ಓದಿದರೆ ಮನೆಯಲ್ಲಿ ಯುದ್ಧವಾಗುತ್ತದೆ. ಯುದ್ಧಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದು ಅವನ ಜೊತೆಗಲ್ಲ.

ನಿನ್ನೆ ಕಾಪುವಿನಲ್ಲಿ ಶಾರ್ಲೆಟ್ ಮಗಳು ವನೆಸ್ಸಾಳ ರೋಸ್, ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಚಪ್ಪರದೊಳಗೆ ಕಾಲಿಟ್ಟ ಕೂಡಲೇ ಶಾರ್ಲೆಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೆ ಆಗಿದ್ದೀಯಾ ಅತ್ತಿಗೆ!" ಎಂದಳು. ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ದಪ್ಪಗಾಗಿದ್ದೀ ಎಂದು ಮುಖಕ್ಕೆ ಹೇಳಲು ನಾಚಿಕೆಯಾಗುವವರು ಒಳ್ಳೆ ಆಗಿದ್ದೀಯಾ ಎನ್ನುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ.

ಮದುಮಗಳಿಗೆ ತೆಂಗಿನ ಹಾಲು ಹಚ್ಚಲು ನನ್ನ ಸರದಿ ಬಂತು. ಹೆಂಗಸರೆಲ್ಲ ವೊವಿಯೊ, ಎಂದರೆ ನಮ್ಮ ಮದುವೆಯ ಹಾಡುಗಳನ್ನು, ಹಾಡುತ್ತಿದ್ದರು. ಒಬ್ಬಳು ಸಾಲು ಎತ್ತಿಕೊಡುವುದು, ಉಳಿದವರು ತಿರುಗಿ ಹೇಳುವುದು. ಆಗ ಶಾರ್ಲೆಟ್ ಎದ್ದು ನಿಂತು ತಾನೇ ಕಟ್ಟಿದ ವೊವಿಯೊಂದನ್ನು ಎತ್ತಿದಳು. ಕೊಂಕಣಿಯಲ್ಲಿ ಹಾಡಿದ್ದು, ಕನ್ನಡದಲ್ಲಿ ಹೀಗಾಗುತ್ತದೆ:

ಕಲ್ಯಾಣಪುರದ ಅತ್ತಿಗೆ ಬಂದಳು, ಬಾಗಿಲು ಅಗಲ ಮಾಡಿರೇ,
ಹಾಲು ಹಚ್ಚಲು ಹತ್ತಿರ ಬಂದಳು, ಚಪ್ಪರದ ಕಂಬ ಹಿಡಿಯಿರೇ!

ಇಡೀ ಚಪ್ಪರ ಅದನ್ನು ತಿರುಗಿ ಹೇಳಿತು. ಚಿಕ್ಕ ಮಕ್ಕಳೂ ಹೇಳಿದರು. ನನ್ನ ಗಂಡ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದೆ. ರಾಗಕ್ಕೆ ಬಾಯಿ ತೆರೆದದ್ದು, ಅರ್ಥ ನೋಡಲಿಲ್ಲ ಎಂದು ಆಮೇಲೆ ಆಣೆ ಹಾಕಿದ. ಕೈಯಲ್ಲಿ ತೆಂಗಿನ ಹಾಲು ಹಿಡಿದುಕೊಂಡು ನಾನು ನಕ್ಕೆ. ನಗದೆ ಬೇರೆ ದಾರಿಯೇ ಇರಲಿಲ್ಲ.

ವೊವಿಗೆ ಉತ್ತರ ವೊವಿಯಲ್ಲೇ ಕೊಡಬೇಕು, ಅದೂ ರೋಸಿನಲ್ಲೇ. ಅವಳ ಮಗ ಕಾರ್ಲ್ಟನ್‌ನ ಮದುವೆ ಕ್ರಿಸ್ಮಸ್ ಕಳೆದು ಉಂಟು. ಅಲ್ಲಿ ಹಾಡುತ್ತೇನೆ. ಆದರೆ ಈ ಮೈಯಲ್ಲಿ ಹಾಡಿದರೆ ಅವಳು ನಿಂತಲ್ಲೇ ಇನ್ನೊಂದು ಕಟ್ಟಿ ನನ್ನ ಬಾಯಿ ಮುಚ್ಚಿಸುತ್ತಾಳೆ. ಮೊದಲು ಮೈ ಇಳಿಯಬೇಕು. ಬಾಯಿ ಆಮೇಲೆ.

ಏಪ್ರಿಲ್ 18

ಲಿಫ್ಟ್ ಬಿಟ್ಟು ಹಾಸ್ಟೆಲಿನ ಮೆಟ್ಟಿಲು ಹತ್ತಿದೆ. ಅರ್ಧದಲ್ಲಿ ಕೂತೆ. ಹುಡುಗಿಯರು "ಮ್ಯಾಮ್, ಎಂತಾಯ್ತು? ನೀರು ಬೇಕಾ?" ಎಂದು ಸುತ್ತ ಸೇರಿದರು. ವಾರ್ಡನ್ ಆದ ನನಗೆ ಹೆದರಬೇಕಾದವರು ಗಾಳಿ ಹಾಕುತ್ತಿದ್ದರು. ಇದೂ ಶಾರ್ಲೆಟ್ ಲೆಕ್ಕಕ್ಕೇ.

ಏಪ್ರಿಲ್ 26

ಮಣಿಪಾಲದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಶುಗರ್ ಗಡಿಯಲ್ಲಿ ಉಂಟಂತೆ, ಇನ್ನೂ ದಾಟಿಲ್ಲ. ತೂಕ ಸ್ವಲ್ಪ ಇಳಿಸಿದರೂ ಹಿಂದೆ ಬರಬಹುದು ಎಂದು ಡಾಕ್ಟರ್ ಹೇಳಿ, ಆಹಾರದ ಬಗ್ಗೆ ತಿಳಿಸಲು ಡಯಟಿಷಿಯನ್ ಹತ್ತಿರ ಕಳಿಸಿದರು. ಹೆಸರು ಶಿಲ್ಪಾ, ಊರು ಕೊಪ್ಪಳದ ಕಡೆ. ಮಾತು ನೇರ.

"ಮುಂಜಾನೆ ಏನ್ ತಗೋತೀರಿ ಮೇಡಂ?"

"ಗಂಜಿ. ಕುಚ್ಚಲಕ್ಕಿಯದ್ದು."

"ಎಷ್ಟು?"

"ಗಂಜಿಗೆ ಎಂತ ಲೆಕ್ಕ? ನೀರಲ್ವಾ ಅದು?"

ಶಿಲ್ಪಾ ಪೆನ್ನು ಕೆಳಗಿಟ್ಟಳು. "ನೀರಿನ್ಯಾಗ ಅನ್ನ ಇರ್ತದಲ್ರೀ! ಹಗುರ ಅಂದ್ಕೊಂಡು ಮೂರ್ ಸಲ ಹಾಕ್ಕೋತೀರಿ. ಇಲ್ಲಿ ಮಂದಿ ಎಲ್ಲಾರೂ ನನಗ ಇದನ್ನ ಹೇಳ್ತಾರ ನೋಡ್ರಿ."

ಹುಟ್ಟಿದಾಗಿನಿಂದ ಗಂಜಿ ಕುಡಿದ ನನಗೆ ಇದನ್ನು ಹೇಳಿಕೊಡಲು ಕೊಪ್ಪಳದಿಂದ ಒಬ್ಬಳು ಬರಬೇಕಾಯಿತು. ಸಿಟ್ಟು ಬಂತು. ಆಮೇಲೆ ಸಂಜೆಯ ಗೋಳಿಬಜೆ, ಮೂರು ಹೊತ್ತಿನ ಸಿಹಿ ಚಹಾ, ಊಟವಾದ ಕೂಡಲೇ ಟಿವಿ ಮುಂದೆ ಒರಗುವುದು, ಎಲ್ಲ ಬಾಯಿ ಬಿಡಿಸಿದಳು. ಅನ್ನ ಅರ್ಧ ಮಾಡಿ. ಆ ಜಾಗಕ್ಕೆ ಬಸಳೆ, ಅಲಸಂಡೆ, ಮೀನು. ಮೀನು ಕಾಯಿಸುವುದು ಬೇಡ, ಸಾರು ಸಾಕು. ಉಂಡ ಮೇಲೆ ಕೂರಬೇಡಿ, ನಡೆಯಿರಿ. ಮನೆಯಲ್ಲಿ ನೋಡಿಕೊಳ್ಳಲು ಬೆರಳು ಚುಚ್ಚುವ ಮೆಷಿನ್ ಒಂದನ್ನೂ ತೆಗೆದುಕೊಂಡೆ.

ಮೇ 9

ಹಸಿವು. ಎಡ್ಮಂಡ್ ಹಂದಿ ಬಾಫಾತ್ ತಿನ್ನುವುದನ್ನು ಎದುರು ಕೂತು ನೋಡಿದೆ. ಇವನೂ ಆ ವೊವಿ ಹಾಡಿದವನೇ.

ಜೂನ್ 20

ಮಳೆ ಬಿಟ್ಟ ಹೊತ್ತು ನೋಡಿ ಇಗರ್ಜಿಯಿಂದ ಹೊಳೆ ಬದಿಯವರೆಗೆ ನಡೆಯುತ್ತೇನೆ. ಮೊದಲ ದಿನಗಳಲ್ಲಿ ಮಂಡಿ ನೋವು, ಏದುಸಿರು. ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ. ಶಾರ್ಲೆಟ್ ಎದ್ದು ನಿಂತು, ಸೆರಗು ಸರಿ ಮಾಡಿ, ಗಂಟಲು ಸರಿ ಮಾಡಿದ್ದನ್ನು ನೆನೆಸಿಕೊಂಡರೆ ಸಾಕು, ಕಾಲು ತಾನಾಗಿ ಓಡುತ್ತದೆ. ನಿನ್ನೆ ನನ್ನ ಜೊತೆಗೆ ಬಂದ ಎಡ್ಮಂಡ್ ಹಿಂದೆ ಉಳಿದು, "ನಿಲ್ಲು ಮಾರಾಯ್ತಿ, ರೈಲು ಉಂಟಾ ನಿನಗೆ?" ಎಂದು ಕೂಗಿದ. ನಿಲ್ಲಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡಲು ಬಗ್ಗಿದೆ. ಗೋಡೆ ಹಿಡಿಯಲಿಲ್ಲ ಎಂದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ಜುಲೈ 28

ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬಂದರೆ ಪಕ್ಕದ ಮನೆಯ ಸ್ಯಾಂಡ್ರಾ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಎಂತ ಇಷ್ಟು ಸೊರಗಿದ್ದೀರಿ? ಶುಗರಾ?"

"ಇಲ್ಲ. ನಾನೇ ಇಳಿಸಿದ್ದು. ನಡೆಯುತ್ತೇನೆ."

"ಪರವಾಗಿಲ್ಲ, ನನ್ನ ಹತ್ತಿರ ಹೇಳಬಹುದು. ಮನೆಯಲ್ಲಿ ಎಂತಾದರೂ ತೊಂದರೆ ಉಂಟಾ?"

ದಪ್ಪ ಇದ್ದರೆ ಹಾಡು ಕಟ್ಟುತ್ತಾರೆ, ಇಳಿದರೆ ಪ್ರಾರ್ಥನೆ ಮಾಡುತ್ತಾರೆ. ಈ ಊರಿನವರ ಕಣ್ಣಿಗೆ ಸರಿಯಾದ ಅಳತೆಯ ಹೆಂಗಸು ಇನ್ನೂ ಹುಟ್ಟಿಲ್ಲ. ಸ್ಯಾಂಡ್ರಾಳಿಗೂ ಒಂದು ವೊವಿ ಕಟ್ಟಬಹುದು, ಆದರೆ ಸಿಟ್ಟನ್ನು ಹಂಚಿದರೆ ಮುಖ್ಯದವಳಿಗೆ ಕಡಿಮೆಯಾಗುತ್ತದೆ.

ಸೆಪ್ಟೆಂಬರ್ 8

ಮೊಂತಿ ಹಬ್ಬ. ಹೊಸ ತೆನೆ, ಮನೆಮಂದಿಯ ಊಟ ಈ ವರ್ಷ ಕಾಪುವಿನಲ್ಲಿ. ಹಸಿರು ಸೀರೆ ಉಟ್ಟೆ. ರವಿಕೆಯನ್ನು ಎರಡು ಕಡೆ ಒಳಗೆ ಹಿಡಿಸಿದ್ದೆ. ಶಾರ್ಲೆಟ್ ಮುಖ ನೋಡಬೇಕೆಂದು ಮೆಟ್ಟಿಲನ್ನು ನಿಧಾನ ಹತ್ತಿದೆ.

ಅವಳು ಬಾಗಿಲಿಗೆ ಬಂದಳು. ನನಗಿಂತ ತೆಳ್ಳಗೆ! ಕೆನ್ನೆ ಒಳಗೆ ಹೋಗಿದೆ, ಬಳೆ ಮೊಣಕೈವರೆಗೆ ಜಾರುತ್ತದೆ. ಎಲ್ಲರ ಬಾಯಲ್ಲಿಯೂ ಅವಳದ್ದೇ ಮಾತು: ಏನು ಸ್ಲಿಮ್ ಆಗಿದ್ದಾಳೆ, ಸೊಸೆ ತರುವವಳ ಹಾಗೆ ಕಾಣುವುದೇ ಇಲ್ಲ. ನನ್ನನ್ನು ಸೊರಗಿದ್ದೀಯಾ ಎಂದವರೇ ಅವಳನ್ನು ಸ್ಲಿಮ್ ಎಂದರು.

"ಹೇಗೆ ಇಳಿಸಿದ್ದು?" ಎಂದು ಕೇಳಿದೆ.

"ಎಂತದೂ ಮಾಡಲಿಲ್ಲ ಅತ್ತಿಗೆ. ಮದುವೆ ಓಡಾಟದಲ್ಲಿ ತಾನಾಗಿ ಇಳಿಯಿತು. ಕೆಲವರ ಮೈಯೇ ಹಾಗೆ." ಹೇಳಿ ಪಾಯಸ ಎರಡನೇ ಸಲ ಹಾಕಿಸಿಕೊಂಡಳು! ನಾನು ತಿಂಗಳುಗಟ್ಟಲೆ ಅನ್ನಕ್ಕೆ ಲೆಕ್ಕ ಹಾಕಿದವಳು. ಅವಳಿಗೆ ತಾನಾಗಿ.

ಊಟದ ಹೊತ್ತಿಗೆ ಅವಳನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಎಲ್ಲರಿಗೆಂದು ಇಟ್ಟ ಹೂಜಿಯ ನೀರನ್ನು ಅವಳೊಬ್ಬಳೇ ಮುಗಿಸಿದಳು. ಸಿಕ್ಕಿತು ನನಗೆ. ಬಸ್ಸಿನಲ್ಲಿ ಕೂತಲ್ಲೇ ಕಟ್ಟಿದೆ:

ಕಾಪುವಿನ ನಾದಿನಿ ಒಣಗಿ ನಿಂತಳು, ಬಿಸಿಲಿಗೆ ಹಾಕಿದ ಮೀನಂತೆ,
ಹೂಜಿಯ ನೀರೆಲ್ಲ ಕುಡಿದು ಮುಗಿಸಿದಳು, ಬಾವಿಗೂ ಈಗ ಚಿಂತೆಯಂತೆ.

ಅಕ್ಟೋಬರ್ 19

ಕಾರ್ಕಳಕ್ಕೆ, ಕಾರ್ಲ್ಟನ್‌ಗೆ ನೋಡಿದ ಹುಡುಗಿಯ ಮನೆಗೆ ಎಲ್ಲರೂ ಹೋಗಿದ್ದೆವು. ಶಾರ್ಲೆಟ್ ಗಂಡ ವ್ಯಾಲೆಂಟೈನ್ ಕಾರು ಓಡಿಸುತ್ತಿದ್ದ. ಶಿರ್ವದಲ್ಲಿ ಅವಳು ನಿಲ್ಲಿಸು ಎಂದಳು. ಬೆಳ್ಮಣ್‌ನಲ್ಲಿ ಪುನಃ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೊಸ ಸೀರೆಯಲ್ಲಿ ಓಡಿದ್ದು ನೋಡಬೇಕಿತ್ತು. ನಾನು ಕಾರಿನಲ್ಲಿ ಕೂತು ಒಳಗೊಳಗೇ ನಕ್ಕೆ.

ಹುಡುಗಿ ಒಳ್ಳೆಯವಳು. ಅವಳ ಮನೆಯವರು ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿಯಲು ಬಂದರು; ಬೇಡ ಎಂದೆ. ಇದು ಎರಡನೆಯದು:

ಕಾರ್ಕಳಕ್ಕೆ ಹೊರಟ ಬೀಗಿತ್ತಿ ನೋಡಿರೇ, ಊರೂರಲ್ಲಿ ಇಳಿದಳು,
ಶಿರ್ವದಲ್ಲೊಮ್ಮೆ, ಬೆಳ್ಮಣ್ಣಲ್ಲೊಮ್ಮೆ, ಬಚ್ಚಲು ಎಲ್ಲೆಂದಳು.

ನವೆಂಬರ್ 23

ಮದುವೆ ಕಾಗದ ಕೊಡಲು ಶಾರ್ಲೆಟ್ ಬಂದಿದ್ದಳು. ಕುಂಟುತ್ತಿದ್ದಳು. ಕಾರ್ಕಳಕ್ಕೆಂದು ಕೊಂಡ ಚಪ್ಪಲಿ ಹಿಮ್ಮಡಿ ಕಚ್ಚಿದೆಯಂತೆ, ಇನ್ನೂ ಮಾಯಲಿಲ್ಲವಂತೆ. ಅಕ್ಷರ ಚಿಕ್ಕದಾಯಿತು ಎಂದು ಪ್ರೆಸ್ಸಿನವನಿಗೆ ಬೈದಳು. ಮಗನ ಹೆಸರನ್ನೇ ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. ನನಗೆ ಅದು ಕನ್ನಡಕವಿಲ್ಲದೆ ಸರಿಯಾಗಿ ಕಾಣುತ್ತಿತ್ತು.

ಹೊಸ ಚಪ್ಪಲಿಗೆ ಕಾಲು ಕೊಟ್ಟಳು, ಹುಣ್ಣು ಮಾಯಲೇ ಇಲ್ಲವೇ,
ಮಗನ ಹೆಸರನೇ ತಡವಿ ಓದಿದಳು, ಕಣ್ಣಿಗೆ ಬೆಳಕೇ ಇಲ್ಲವೇ.

ಮೂರಾಯಿತು. ಮೂರೂ ಒಂದಕ್ಕಿಂತ ಒಂದು ಚುರುಕು. ನನ್ನೊಳಗೆ ಇಂಥ ಕೈಚಳಕ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 12

ಶಿಲ್ಪಾಳ ಕೋಣೆಯ ಹೊರಗೆ ನನ್ನ ಸರದಿ ಕಾಯುತ್ತಾ ಮೂರೂ ವೊವಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಎದುರು ಗೋಡೆಯಲ್ಲಿ ಒಂದು ಚಿತ್ರಪಟ. ಪ್ರತಿ ಸಲ ಬಂದಾಗಲೂ ಅದರ ಎದುರೇ ಕೂತಿದ್ದೇನೆ. ಒಣಗಿದ ಮುಖದ ಒಬ್ಬಳು ಹೆಂಗಸು. ನೀರಿನ ಲೋಟ. ಬಚ್ಚಲಿನ ಬಾಗಿಲು. ಮಸುಕು ಮಸುಕಾದ ಅಕ್ಷರ. ಹುಣ್ಣಾದ ಹಿಮ್ಮಡಿ.

ನನ್ನ ವೊವಿಗೆ ಯಾರೋ ಚಿತ್ರ ಬರೆದ ಹಾಗಿತ್ತು.

ಒಳಗೆ ಹೋದರೆ ಶಿಲ್ಪಾ ನನ್ನ ರಿಪೋರ್ಟ್ ಹಿಡಿದು ಕುಣಿಯುವುದೊಂದು ಬಾಕಿ. "ಮೇಡಂ, ಗಡಿಯಿಂದ ಹಿಂದ ಬಂದೀರಿ! ಸ್ವೀಟ್ ಕೊಡಸ್ರಿ ಅನ್ನೂಹಂಗಿಲ್ಲ, ಶೇಂಗಾ ಆದ್ರೂ ಕೊಡಸ್ರಿ!" ನಾನು ಹ್ಞೂಂ ಎಂದೆ. ಎಂಟು ತಿಂಗಳು ಕಾದ ಮಾತು. ಅದನ್ನು ಪೂರ್ತಿ ಕೇಳಿಸಿಕೊಂಡೆನೋ ಇಲ್ಲವೋ ನೆನಪಿಲ್ಲ.

ಡಿಸೆಂಬರ್ 13

ನಾನೇನು ಡಾಕ್ಟರಾ? ಅವಳಿಗೆ ಗಂಡ ಇಲ್ಲವಾ, ಮಕ್ಕಳಿಲ್ಲವಾ? ರೋಸಿಗೆ ಉಳಿದದ್ದು ಸ್ವಲ್ಪವೇ ದಿನ. ಹಾಡಿದ ಮೇಲೆ ಹೇಳಿದರಾಯಿತು. ಮೊದಲೇ ಹೇಳಿದರೆ ಅವಳು ರೋಗಿಯಾಗುತ್ತಾಳೆ. ರೋಗಿಯ ಮೇಲೆ ವೊವಿ ಹಾಡಿದರೆ ಜನ ನನಗೇ ಉಗಿಯುತ್ತಾರೆ. ಇಷ್ಟು ತಿಂಗಳ ಹಸಿವೆಲ್ಲ ನೀರಿಗೆ ಬಿದ್ದ ಹಾಗೆ.

ಹೇಳುವುದಿಲ್ಲ.

ಡಿಸೆಂಬರ್ 16

ಅಡುಗೆಮನೆಯಲ್ಲಿ ಹಾಡಿ ನೋಡುತ್ತಿದ್ದೆ. ಎಡ್ಮಂಡ್ ಬಾಗಿಲಲ್ಲಿ ನಿಂತು ಮೊದಲು ನಕ್ಕ. ಆಮೇಲೆ, "ಮಮ್ಮಿಗೂ ಕೊನೆಕೊನೆಗೆ ಹೀಗೇ ಬಾಯಾರುತ್ತಿತ್ತು. ಕಾಲು ತೆಗೆದರಲ್ಲ, ಅದೂ ಹಿಮ್ಮಡಿಯ ಹುಣ್ಣಿನಿಂದಲೇ ಶುರು" ಎಂದು ಹೇಳಿ ಇಂಗ್ಲಿಷ್ ಪೇಪರ್ ಓದಲು ಹೋದ. ಇವನಿಗೆ ರಾಗವೂ ಗೊತ್ತಾಗುವುದಿಲ್ಲ, ಅರ್ಥವೂ ಗೊತ್ತಾಗುವುದಿಲ್ಲ.

ಶಾರ್ಲೆಟ್‌ಗೆ ಫೋನ್ ಮಾಡಿದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸು, ಶುಗರ್ ಇರಬಹುದು ಎಂದೆ. ಫೋನಿನ ಆಚೆ ಕಡೆ ನಗು.

"ನಿನ್ನ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ಲವಾ ಅತ್ತಿಗೆ? ನಾನು ಕಷ್ಟಪಡದೆ ಇಳಿದೆ, ನೀನು ಉಪವಾಸ ಬಿದ್ದು ಇಳಿದೆ. ನಿನಗೆ ತಡೆಯಲಿಕ್ಕೆ ಆಗುವುದಿಲ್ಲ."

ಹೊಟ್ಟೆಕಿಚ್ಚು ಇದ್ದದ್ದು ನಿಜವೇ. ಅದಕ್ಕೇ ಇನ್ನೂ ಸಿಟ್ಟು ಬಂತು. ಎಡ್ಮಂಡ್‌ಗೆ ಎಲ್ಲ ಬಿಡಿಸಿ ಹೇಳಿದಾಗ ಅವನ ಮುಖ ಬಿಳಿಚಿತು. ಕೂಡಲೇ ವ್ಯಾಲೆಂಟೈನ್‌ಗೆ ಫೋನ್ ಮಾಡಿದ. "ಮದುವೆ ಒಂದು ಮುಗಿಯಲಿ ಭಾವ, ಆಮೇಲೆ ನೋಡುವ" ಎಂದನಂತೆ.

ಮದುವೆ ಮುಗಿಯಬೇಕಂತೆ! ಹುಣ್ಣಿಗೆ ಮದುವೆ ಕಾಗದ ಕೊಟ್ಟು ಕಾಯಲು ಹೇಳಿದ್ದಾರೆಯೇ?

ಡಿಸೆಂಬರ್ 29

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಒಳ್ಳೆ ಬಿಸಿಲು.

ನಿನ್ನೆ ಕಾರ್ಲ್ಟನ್‌ನ ರೋಸ್. ನಾಳೆ ಸೋಮವಾರ ಮದುವೆ. ಚಪ್ಪರ ಅದೇ ಜಾಗದಲ್ಲಿ, ಜನರೂ ಅವರೇ. ವೊವಿಯೊ ಎತ್ತಿಕೊಡುತ್ತಿದ್ದದ್ದು ಸೋಫಿಯಾ ಆಂಟಿ. ಹಾಲು ಹಚ್ಚಲು ತಾಯಿಯನ್ನು ಕರೆದರು. ಶಾರ್ಲೆಟ್ ಎದ್ದಳು, ಕುರ್ಚಿ ಹಿಡಿದು ಒಂದು ಕ್ಷಣ ನಿಂತಳು. ತುಟಿ ಒಡೆದು ಹೋಗಿತ್ತು. ನನ್ನ ಚೀಲದಲ್ಲಿ ಬೆರಳು ಚುಚ್ಚುವ ಮೆಷಿನ್ ಇತ್ತು, ನಾಲಗೆಯ ತುದಿಯಲ್ಲಿ ಮೂರು ವೊವಿಗಳಿದ್ದವು. ಇಷ್ಟು ಒಳ್ಳೆಯ ಮೂರು ವೊವಿಗಳನ್ನು ಈ ಕರಾವಳಿಯಲ್ಲಿ ಯಾರೂ ಕಟ್ಟಿರಲಿಕ್ಕಿಲ್ಲ.

ನಾನು ಎದ್ದು ನಿಂತು, ಸೆರಗು ಸರಿ ಮಾಡಿ, ಗಂಟಲು ಸರಿ ಮಾಡಿದೆ. ಅವಳು ಮಾಡಿದ ಹಾಗೆಯೇ. ಬಾಯಿಗೆ ಬಂದದ್ದು ನಾಲ್ಕನೆಯದು:

ಕಾಪುವಿನ ನಾದಿನಿ ಬೆರಳು ನೀಡುವಳು, ಹನಿ ರಕ್ತವ ಕೊಡುವಳು,
ಸಕ್ಕರೆ ಎಷ್ಟೆಂದು ತೋರಿಸಿದ ಮೇಲೆ ಮಗನಿಗೆ ಹಾಲು ಹಚ್ಚುವಳು.

ಆಮೇಲೆ ಸೋಫಿಯಾ ಆಂಟಿ, ಏನು ಅರ್ಥವಾಯಿತೋ, ಗಟ್ಟಿಯಾಗಿ ತಿರುಗಿ ಹೇಳಿದರು. ಅವರ ಹಿಂದೆ ಇಡೀ ಚಪ್ಪರ ಹೇಳಿತು. ಚಿಕ್ಕ ಮಕ್ಕಳಂತೂ ನಿಲ್ಲಿಸಲೇ ಇಲ್ಲ.

ಶಾರ್ಲೆಟ್ ಮುಖ ಕೆಂಪಾಯಿತು. "ಬಾ. ಚುಚ್ಚು. ಎಲ್ಲರೂ ನೋಡಲಿ, ನಿನ್ನ ಮುಖಕ್ಕೆ ಮಂಗಳಾರತಿ ಆಗಲಿ!" ಎಂದು ನನ್ನ ಮೂಗಿನ ಹತ್ತಿರ ಬೆರಳು ತಂದಳು. ಕಾರ್ಲ್ಟನ್ ಎದುರೇ ಚುಚ್ಚಿದೆ. ಮೆಷಿನ್ ಅಂಕಿ ತೋರಿಸಲಿಲ್ಲ. ಇಂಗ್ಲಿಷಿನ ಎರಡು ಅಕ್ಷರ ಬಂತು, ಎಚ್, ಐ.

ಅವಳು ಅದನ್ನು ಕಸಿದು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಹಾಯ್! ಹಾಯ್ ಹೇಳ್ತಾ ಉಂಟು! ನೋಡಿ, ಮೆಷಿನ್‌ಗೂ ಗೊತ್ತುಂಟು ನಾನು ಚೆನ್ನಾಗಿದ್ದೇನೆ ಅಂತ!"

ಚಪ್ಪರ ಬಿದ್ದು ಬಿದ್ದು ನಕ್ಕಿತು. ಎರಡನೇ ಸಲವೂ ನನ್ನ ಮೇಲೆ, ಅದೇ ಚಪ್ಪರದಲ್ಲಿ. ಆದರೆ ನನಗೆ ನಗು ಕೇಳಿಸಿದ್ದೇ ಅಷ್ಟಕ್ಕಷ್ಟೆ. ಮೆಷಿನ್ ಕೊಂಡ ದಿನವೇ ಶಿಲ್ಪಾ ಹೇಳಿದ್ದಳು: ಅದು ಹಾಯ್ ಅಲ್ಲ, ಹೈ. ಅಳೆಯಲಿಕ್ಕೆ ಆಗದಷ್ಟು ಹೆಚ್ಚು. ಹಾಗೆ ಬಂದರೆ ಕಾಯಬಾರದು, ಸೀದಾ ಆಸ್ಪತ್ರೆಗೆ.

ಶಾರ್ಲೆಟ್ ಕೈ ತೊಳೆಸಿ ಇನ್ನೊಂದು ಬೆರಳು ಚುಚ್ಚಿದೆ. ಪುನಃ ಅದೇ. ಆಗ ನಾನು ಹಾಡಲಿಲ್ಲ, ಕಿರುಚಿದೆ. ಏನು ಕಿರುಚಿದೆ ಎಂದು ಎಡ್ಮಂಡ್ ಹೇಳಿದ: "ಇವಳು ಸತ್ತರೆ ನಾನು ಯಾರ ಮೇಲೆ ಹಾಡಲಿ?" ಎಂದೆನಂತೆ. ಕಾರ್ಲ್ಟನ್ ಮೈಮೇಲಿನ ಹಾಲನ್ನು ಒರೆಸಿಕೊಳ್ಳದೆ ತಾಯಿಯನ್ನು ಎತ್ತಿ ಕಾರಿಗೆ ಹಾಕಿದ.

ಇನ್ನು ಒಂದೆರಡು ದಿನ ಬಿಟ್ಟಿದ್ದರೆ ಮದುವೆಯ ಬದಲು ಬೇರೆ ಪೂಜೆ ಇಡಬೇಕಾಗುತ್ತಿತ್ತು ಎಂದು ಡಾಕ್ಟರ್ ವ್ಯಾಲೆಂಟೈನ್‌ಗೆ ಬೈದರು. ಕಾಲು ಉಳಿಯುತ್ತದಂತೆ. ನಾನು ಆ ಹದಿಮೂರನೇ ತಾರೀಖಿನ ಪುಟವನ್ನು ಈಗ ತಿರುಗಿ ಓದಿದೆ. ಹರಿದು ಹಾಕಬೇಕೆಂದಿದ್ದೆ. ಹಾಕಲಿಲ್ಲ, ಇರಲಿ.

ಡಿಸೆಂಬರ್ 30

ಮದುವೆ ಪೂಜೆಯ ಹೊತ್ತಿಗೆ ಮಾತ್ರ ಅವಳನ್ನು ಆಸ್ಪತ್ರೆಯಿಂದ ಬಿಟ್ಟರು. ಡ್ರಿಪ್ಪಿನ ಸೂಜಿಗೆ ಸುತ್ತಿದ ಪಟ್ಟಿಯನ್ನು ಸೆರಗಿನಡಿ ಮುಚ್ಚಿಕೊಂಡು ಮಗನ ಮದುವೆ ನೋಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ನೋಡಲಿಲ್ಲ, ಅವಳ ಹಿಂದಿನ ಬೆಂಚಿನಲ್ಲಿ ಕೂತು, ಅವಳು ಎಷ್ಟು ಸಲ ಒರಗುತ್ತಾಳೆ ಎಂದು ಗಮನಿಸುತ್ತಿದ್ದೆ ಅಷ್ಟೆ.

ಜನವರಿ 21

ಕಾಪುವಿಗೆ ಹೋಗಿ ಅವಳ ಅಡುಗೆಮನೆಯ ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದೆ. ಗಂಜಿಯ ಬಟ್ಟಲು ತೆಗೆದು ಚಿಕ್ಕದೊಂದು ಇಟ್ಟೆ. "ಪೊಲೀಸಾ ನೀನು?" ಎಂದು ಕಿರುಚಿದಳು. ಅವಳ ಮುಖ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸಿಗೆ ಕಾಯದೆ ಪೇಟೆಯವರೆಗೆ ನಡೆದೇ ಬಂದೆ.

ಫೆಬ್ರವರಿ 16

ಹುಣ್ಣು ಪೂರ್ತಿ ಮಾಯಿತು. ಡಾಕ್ಟರ್ ನಡೆಯಬಹುದು ಎಂದಿದ್ದಾರೆ. ಇನ್ನು ಅವಳಿಗೆ ಬಿಡುಗಡೆ ಇಲ್ಲ.

ಮಾರ್ಚ್ 23

ಬಿಡುವಿದ್ದ ದಿನವೆಲ್ಲ ಮೊದಲ ಬಸ್ಸಿನಲ್ಲಿ ಕಾಪುವಿಗೆ ಹೋಗಿ ಶಾರ್ಲೆಟ್‌ಳನ್ನು ಹಾಸಿಗೆಯಿಂದ ಎಬ್ಬಿಸುತ್ತೇನೆ. ಲೈಟ್‌ಹೌಸಿನವರೆಗೆ ನಡೆಸಿ ಹಿಂದೆ ಕರೆದುಕೊಂಡು ಬರುತ್ತೇನೆ. ಕಡಲ ಕಡೆ ನೋಡಲೂ ಬಿಡುವುದಿಲ್ಲ, ನಿಧಾನ ಮಾಡುತ್ತಾಳೆ. ದಾರಿಯುದ್ದಕ್ಕೂ ನನಗೆ ಶಾಪ ಹಾಕುತ್ತಾಳೆ. ಶಾಪ ಹಾಕುತ್ತಾ ನಡೆಯುವವರು ಎಷ್ಟು ಬೇಗ ನಡೆಯುತ್ತಾರೆಂದು ನನ್ನಷ್ಟು ಯಾರಿಗೂ ಗೊತ್ತಿಲ್ಲ.

ಇನ್ಸುಲಿನ್ ಶುರುವಾದ ಮೇಲೆ ಅವಳ ಕೆನ್ನೆ ತುಂಬಿದೆ. ಬಳೆ ಮಣಿಕಟ್ಟಿನಲ್ಲೇ ನಿಲ್ಲುತ್ತದೆ. ಇವತ್ತು ಬೆಳಿಗ್ಗೆ ಬಾಗಿಲು ತೆರೆದು ನಿಂತಾಗ ನೋಡಿದೆ, ಹಳೆಯ ಚೂಡಿದಾರ ಸೊಂಟದಲ್ಲಿ ಬಿಗಿಯಾಗಿತ್ತು. ಕಳೆದ ಏಪ್ರಿಲಿನಿಂದ ನಾನು ಕಾಯುತ್ತಿದ್ದ ಗಳಿಗೆ. ಅವಳನ್ನು ಮೇಲಿಂದ ಕೆಳಗೆ ನೋಡಿದೆ. ಅವಳದ್ದೇ ರಾಗದಲ್ಲಿ, ಪಕ್ಕದ ಮನೆಯವರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ:

"ಒಳ್ಳೆ ಆಗಿದ್ದೀಯಾ ಶಾರ್ಲೆಟ್!"

ಅವಳು ಬಾಗಿಲು ಹಿಡಿದುಕೊಂಡು ಅತ್ತುಬಿಟ್ಟಳು. "ಹೌದು ಅತ್ತಿಗೆ. ಒಳ್ಳೆ ಆಗಿದ್ದೇನೆ," ಎಂದಳು. "ನೀನಿಲ್ಲದಿದ್ದರೆ ಆಗುತ್ತಿರಲಿಲ್ಲ."

ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದದ್ದಿಲ್ಲ. ಇಡೀ ಒಂದು ವರ್ಷ ಎದೆಯಲ್ಲಿಟ್ಟುಕೊಂಡು ಹರಿತ ಮಾಡಿದ ಮಾತು. ಈ ಪೆದ್ದಿಗೆ ಅರ್ಥವೇ ಆಗಲಿಲ್ಲ.

ನನ್ನ ಆ ಮೂರು ವೊವಿಗಳು ಹಾಗೇ ಉಳಿದಿವೆ. ನನ್ನ ಮಗ ಲಾಯ್ಡ್‌ನ ಮದುವೆಯಲ್ಲಿ ಹಾಡಿಯೇ ಹಾಡುತ್ತೇನೆ. ಅವನಿನ್ನೂ ಹುಡುಗಿ ನೋಡಿಲ್ಲ, ಎಷ್ಟು ವರ್ಷವಾಗುತ್ತದೋ. ಅಷ್ಟು ಕಾಲವೂ ಶಾರ್ಲೆಟ್ ಗಟ್ಟಿಯಾಗಿ, ಎರಡು ಕಾಲಿನ ಮೇಲೆ ನಿಂತು, ನನ್ನ ಎದುರೇ ಇರಬೇಕು. ನಾಳೆಯೂ ಮೊದಲ ಬಸ್ಸಿಗೇ ಹೋಗುತ್ತೇನೆ.